ಯೋಧ ತೀರಿಕೊಂಡ ಮೇಲೆ ಮನೆಯಾಕೆಗೆ ಸಲ್ಲಬೇಕಾದದ್ದು

ಪಿಂಚಣಿ ಪಡೆಯುತ್ತಿದ್ದ ಮಾಜಿ ಸೈನಿಕರು ತೀರಿಕೊಂಡರೆ ಮರುದಿನದಿಂದಲೇ ಅವರ ಹೆಂಡತಿಗೆ ಕುಟುಂಬ ಪಿಂಚಣಿ ಸಲ್ಲಬೇಕು. ನಿಯಮ ಇಷ್ಟೇ. ಇದು ಯಾರೂ ದಯೆಯಿಂದ ಕೊಡುವ ಹಣವಲ್ಲ, ಅವರು ಸೇವೆಯಲ್ಲಿದ್ದಾಗಲೇ ದೇಶ ಒಪ್ಪಿಕೊಂಡ ಋಣ. ಆದರೂ ಗಂಡ ಹೋದ ಮೇಲೆ ತಿಂಗಳುಗಟ್ಟಲೆ ಕಚೇರಿ ಅಲೆಯುವ ಹೆಂಗಸರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಣ ಇಲ್ಲವೆಂದು ಅಥವಾ ನಿಯಮ ಇಲ್ಲವೆಂದು ಅವರು ಅಲೆಯುತ್ತಿಲ್ಲ. ಸೇನೆಯ ದಾಖಲೆಯಲ್ಲಿರುವ ಹೆಸರು ಒಂದು, ಆಧಾರ್‌ನಲ್ಲಿರುವುದು ಇನ್ನೊಂದು.

ಈ ತಪ್ಪು ಹುಟ್ಟುವುದು ಎಲ್ಲಿ ಅಂದರೆ, ಮದುವೆಯಾಗಿ ರಜೆ ಮುಗಿಸಿ ಯೂನಿಟ್‌ಗೆ ಮರಳಿದ ಜವಾನ ಹೆಂಡತಿಯ ಹೆಸರು ಬರೆಸುವಾಗ. ಅದನ್ನು 'ಪಾರ್ಟ್ ಟೂ ಆರ್ಡರ್' ಅನ್ನುತ್ತಾರೆ. ಬರೆದುಕೊಳ್ಳುವ ಕ್ಲರ್ಕ್ ಕನ್ನಡ ಬಲ್ಲವನಾಗಿರುವುದು ಅಪರೂಪ. ಗೌರವ್ವ 'ಗೌರಾವಾ' ಆಗುತ್ತಾಳೆ, ಯಲ್ಲವ್ವ 'ಯಲವಾ' ಆಗುತ್ತಾಳೆ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ 1 ಎಂದೋ ಜನವರಿ 1 ಎಂದೋ ಬೀಳುತ್ತದೆ. ಅದೇ ಹೆಸರು, ಅದೇ ತಾರೀಕು ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್‌ಗೆ, ಅಲ್ಲಿಂದ ಪಿಪಿಒಗೆ (ಪಿಂಚಣಿ ಪಾವತಿ ಆದೇಶ), ಈಗ ಸೈನಿಕರ ಪಿಂಚಣಿ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್‌ಗೆ ಇಳಿದಿದೆ. ಇತ್ತ ಊರಲ್ಲಿ ಅವಳ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಗಂಡನ ಹೆಸರು, ಅಡ್ಡಹೆಸರು ಎಲ್ಲ ಸೇರಿ ಬೇರೆಯೇ ರೂಪ. ಗಂಡ ಇರುವವರೆಗೆ ಯಾರಿಗೂ ಇದು ಕಾಣುವುದಿಲ್ಲ.

ಆದ್ದರಿಂದ ಇಂದೇ ಮಾಡಬಹುದಾದ ಕೆಲಸ ಇದು: ಪಿಪಿಒ, ಡಿಸ್ಚಾರ್ಜ್ ಬುಕ್, ಇಬ್ಬರ ಆಧಾರ್ ಮತ್ತು ಪ್ಯಾನ್ ಪಕ್ಕಪಕ್ಕ ಇಟ್ಟು ಹೆಸರಿನ ಇಂಗ್ಲಿಷ್ ಕಾಗುಣಿತ, ಜನ್ಮದಿನಾಂಕಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಹಳೆಯ ಪಿಪಿಒದಲ್ಲಿ ಹೆಂಡತಿಯ ಹೆಸರೇ ಇಲ್ಲದಿರುವುದೂ ಉಂಟು. ವ್ಯತ್ಯಾಸ ಕಂಡರೆ ಅರ್ಜಿ ಹೋಗಬೇಕಾದದ್ದು ಬ್ಯಾಂಕಿಗಲ್ಲ, ಸೈನಿಕರ ಸೇವಾ ದಾಖಲೆ ಇಡುವ ಅವರವರ ರೆಕಾರ್ಡ್ ಆಫೀಸಿಗೆ. ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅದು ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿದೆ. ಆರ್ಟಿಲರಿಯವರದು ನಾಸಿಕ್, ಸಿಗ್ನಲ್ಸ್‌ನವರದು ಜಬಲ್ಪುರ, ಇಎಂಇಯವರದು (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್. ಅರ್ಜಿಯ ಜೊತೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್, ಆಧಾರ್ ಮತ್ತು ಪ್ಯಾನ್ ಪ್ರತಿ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ, ದಂಪತಿಯ ಜಂಟಿ ಫೋಟೊ ಇರಲಿ. ಇದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಮೂಲಕ, ಅಲ್ಲಿನ ಮುಖಪತ್ರದೊಂದಿಗೆ ಕಳಿಸುವುದು ಒಳ್ಳೆಯದು. ನೇರವಾಗಿ ಅಂಚೆಗೆ ಹಾಕಿದ ಕಾಗದ ಎಲ್ಲಿ ನಿಂತಿದೆ ಎಂದು ಕೇಳುವವರು ಇರುವುದಿಲ್ಲ. ಎಲ್ಲ ಜಿಲ್ಲೆಗಳಲ್ಲೂ ಈ ಕಚೇರಿ ಇಲ್ಲ, ಕೆಲವು ಜಿಲ್ಲೆಗಳವರು ಪಕ್ಕದ ಜಿಲ್ಲೆಗೆ ಹೋಗಬೇಕು. ಎಪ್ಪತ್ತು ದಾಟಿದವರನ್ನು ಇದಕ್ಕಾಗಿ ಬಸ್ಸು ಹತ್ತಿಸುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ರೆಕಾರ್ಡ್ ಆಫೀಸ್ ಒಪ್ಪಿದ ಮೇಲೆ ಪ್ರಯಾಗ್‌ರಾಜ್‌ನ ಪಿಸಿಡಿಎ (ರಕ್ಷಣಾ ಲೆಕ್ಕಪತ್ರ) ಪಿಂಚಣಿ ಕಚೇರಿಯಿಂದ ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದಿದ ಆದೇಶ ಬರುತ್ತದೆ. ಅದು ಕೈಗೆ ಬಂತೆಂದು ಕೆಲಸ ಮುಗಿಯಲಿಲ್ಲ. ಸ್ಪರ್ಶ್‌ಗೆ ಲಾಗಿನ್ ಆಗಿ ಅಲ್ಲೂ ಹೆಸರು ಬದಲಾಗಿದೆಯೇ ಎಂದು ನೋಡಿ. ಬ್ಯಾಂಕ್ ಖಾತೆ ಹೆಂಡತಿಯೊಂದಿಗೆ ಜಂಟಿಯಾಗಿ, 'ಇಬ್ಬರಲ್ಲಿ ಒಬ್ಬರು ಅಥವಾ ಬದುಕುಳಿದವರು' ಎಂಬ ಷರತ್ತಿನೊಂದಿಗೆ ಇರಲಿ.

ಸಾವಾದಾಗ ಮೊದಲ ಕೆಲಸ 21 ದಿನದೊಳಗೆ ಮರಣ ನೋಂದಣಿ. ಇಲ್ಲೂ ಊರಲ್ಲಿ ಕರೆಯುವ ಹೆಸರನ್ನು ಬರೆಸಿಬಿಡುತ್ತಾರೆ. ಪಿಪಿಒದಲ್ಲಿರುವ ಪೂರ್ತಿ ಹೆಸರನ್ನೇ ಬರೆಸಿ, ನಾಲ್ಕಾರು ಪ್ರತಿ ತೆಗೆದುಕೊಳ್ಳಿ. ಆಮೇಲೆ ಸ್ಪರ್ಶ್‌ನಲ್ಲಿ ಸಾವಿನ ವರದಿ ಸಲ್ಲಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಬಲ್ಲವರಿಲ್ಲದಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ (ಸಿಎಸ್‌ಸಿ) ಅಥವಾ ಸ್ಪರ್ಶ್ ಸೇವಾ ಕೇಂದ್ರವಾಗಿರುವ ಬ್ಯಾಂಕ್ ಶಾಖೆಯಲ್ಲಿ ಮಾಡಿಸಬಹುದು. ಹೆಂಡತಿಯ ಹೆಸರು ಪಿಪಿಒದಲ್ಲಿ ಸರಿಯಾಗಿದ್ದರೆ ಮರಣ ಪ್ರಮಾಣಪತ್ರ, ಆಕೆಯ ಆಧಾರ್, ಪ್ಯಾನ್, ಬ್ಯಾಂಕ್ ವಿವರದಿಂದಲೇ ಕೆಲಸ ಮುಂದೆ ಹೋಗುತ್ತದೆ. ಸರಿಯಿಲ್ಲದಿದ್ದರೆ ಕಡತ ಮತ್ತೆ ರೆಕಾರ್ಡ್ ಆಫೀಸಿಗೆ. ಆಗ ಅಫಿಡವಿಟ್‌ಗೆ ಸಹಿ ಹಾಕಬೇಕಾದವರೇ ಇರುವುದಿಲ್ಲ.

ಇನ್ನೊಂದನ್ನು ಒತ್ತಿ ಹೇಳಬೇಕು. ಸಾವನ್ನು ತಿಳಿಸದೆ ಎಟಿಎಂ ಕಾರ್ಡಿನಿಂದ ಪಿಂಚಣಿ ತೆಗೆಯುತ್ತಾ ಹೋಗಬೇಡಿ. ಹೇಗಿದ್ದರೂ ಅಮ್ಮನಿಗೆ ಬರಬೇಕಾದ ಹಣ ತಾನೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಸಾವಿನ ನಂತರ ಜಮೆಯಾದದ್ದೆಲ್ಲ ವಸೂಲಿಗೆ ಬರುತ್ತದೆ, ಆ ಕಡಿತ ಬೀಳುವುದು ಆಕೆಯ ಕುಟುಂಬ ಪಿಂಚಣಿಯ ಮೇಲೆಯೇ. ಸಾವಿನ ದಿನದವರೆಗಿನ ಬಾಕಿ ಮಾತ್ರ ವಾರಸುದಾರರಿಗೆ ಸಿಗುತ್ತದೆ.

ಎಷ್ಟು ಬರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ನಿವೃತ್ತಿಯ ಹೊತ್ತಿಗೆ ಮಿಲಿಟರಿ ಸರ್ವಿಸ್ ಪೇ ಸೇರಿ ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳ ₹40,000 ಇತ್ತು ಎನ್ನಿ. ಅವರ ಪಿಂಚಣಿ ಅದರ ಅರ್ಧ, ₹20,000. ಅದರಲ್ಲಿ ಅರ್ಧ ಕಮ್ಯೂಟ್ ಮಾಡಿದ್ದರೆ, ಅಂದರೆ ಆ ಪಾಲನ್ನು ಮೊದಲೇ ಒಟ್ಟು ಮೊತ್ತವಾಗಿ ಪಡೆದಿದ್ದರೆ, 15 ವರ್ಷ ಕೈಗೆ ₹10,000 ಮತ್ತು ತುಟ್ಟಿ ಪರಿಹಾರ. ತುಟ್ಟಿ ಪರಿಹಾರ ಮಾತ್ರ ಪೂರ್ತಿ ₹20,000ದ ಮೇಲೆ. ನಿವೃತ್ತಿಯಾದ ಮೇಲೆ ತೀರಿಕೊಂಡರೆ ಹೆಂಡತಿಗೆ 7 ವರ್ಷ, ಅಥವಾ ಗಂಡ ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ₹20,000. ಗಂಡನ ಕಮ್ಯೂಟೇಷನ್ ಕಡಿತ ಆಕೆಗೆ ತಗಲುವುದಿಲ್ಲ. ಇದು ಗೊತ್ತಿಲ್ಲದೆ ಕಡಿಮೆ ಹಣಕ್ಕೆ ಸುಮ್ಮನಾಗುವವರಿದ್ದಾರೆ. ಆ ಅವಧಿ ಮುಗಿದ ಮೇಲೆ ಸಂಬಳದ ಶೇ 30, ಅಂದರೆ ₹12,000. ಅವರು 67 ದಾಟಿ ತೀರಿಕೊಂಡಿದ್ದರೆ ಮೊದಲ ದಿನದಿಂದಲೇ ₹12,000. ಒಂದೇ ಮನೆ, ಅದೇ ಬಾಡಿಗೆ, ಅದೇ ಔಷಧಿ, ವರಮಾನ ಮಾತ್ರ ಶೇ 40ರಷ್ಟು ಇಳಿಯುತ್ತದೆ. ಕನಿಷ್ಠ ಕುಟುಂಬ ಪಿಂಚಣಿ ₹9,000 ಮತ್ತು ತುಟ್ಟಿ ಪರಿಹಾರ. ಒಆರ್‌ಒಪಿ (ಒಂದು ದರ್ಜೆ, ಒಂದು ಪಿಂಚಣಿ) ಪ್ರಕಾರ ಐದು ವರ್ಷಕ್ಕೊಮ್ಮೆ ನಡೆಯುವ ಮರುನಿಗದಿ ಕುಟುಂಬ ಪಿಂಚಣಿಗೂ ಅನ್ವಯ. ಕೊನೆಯದಾಗಿ ಅದು 2024ರ ಜುಲೈ 1ರಿಂದ ಜಾರಿಗೆ ಬಂದಿದೆ.

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡನ್ನು ಆಕೆಯ ಹೆಸರಿಗೆ ಬದಲಿಸಿಕೊಳ್ಳಬೇಕು, ಮತ್ತೆ ವಂತಿಗೆ ಕಟ್ಟಬೇಕಿಲ್ಲ. ಸೇನೆ ಬಿಡುವಾಗ ಒಂದೇ ಕಂತಿನಲ್ಲಿ ಹಣ ಕಟ್ಟಿ ಪಡೆದ ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನ ವಿಸ್ತೃತ ವಿಮೆಯ ಸರ್ಟಿಫಿಕೇಟ್ ಎಷ್ಟೋ ಮನೆಗಳ ಟ್ರಂಕಿನಲ್ಲಿ ಹಾಗೇ ಉಳಿದಿರುತ್ತದೆ. ಅವಧಿ ನೋಡಿ ಕ್ಲೇಮ್ ಹಾಕಿ. ನವೆಂಬರ್ ಬಂದಾಗ ಆಕೆಯೂ ಜೀವನ್ ಪ್ರಮಾಣ್ (ಬದುಕಿರುವುದಕ್ಕೆ ಪ್ರಮಾಣಪತ್ರ) ಕೊಡಬೇಕು. ಸ್ಪರ್ಶ್‌ಗೆ ಸೇರಿದವರು ಪಿಂಚಣಿ ವಿತರಕರ ಜಾಗದಲ್ಲಿ ಬ್ಯಾಂಕಿನ ಹೆಸರು ಆರಿಸಿದರೆ ಪ್ರಮಾಣಪತ್ರ ಬೇರೆಲ್ಲೋ ಹೋಗಿ ಪಿಂಚಣಿ ನಿಲ್ಲುತ್ತದೆ. ಅಲ್ಲಿ ಸ್ಪರ್ಶ್ ಪಿಸಿಡಿಎ ಎಂದೇ ಆರಿಸಬೇಕು.

ಮನೆಯಲ್ಲಿ ದುಡಿಯಲಾಗದಷ್ಟು ಅಂಗವೈಕಲ್ಯವಿರುವ ಮಗನೋ ಮಗಳೋ ಇದ್ದರೆ ಅವರ ಹೆಸರನ್ನು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಪಿಪಿಒದಲ್ಲಿ ಸೇರಿಸಲು ಕಾಯಲೇಬೇಡಿ. ಸಾಮಾನ್ಯವಾಗಿ ಮಗನಿಗೆ 25 ವರ್ಷಕ್ಕೆ ಮುಗಿಯುವ ಹಕ್ಕು ಇವರಿಗೆ ಜೀವಮಾನವಿಡೀ ಇದೆ. ತಂದೆತಾಯಿ ಇಬ್ಬರೂ ಹೋದ ಮೇಲೆ ಇದನ್ನು ಸಾಬೀತುಪಡಿಸಲು ಯಾರು ಓಡಾಡುತ್ತಾರೆ?

15 ವರ್ಷ ತುಂಬುವ ಮೊದಲೇ ಸೇನೆ ಬಿಟ್ಟು ಪಿಂಚಣಿಯಿಲ್ಲದೆ ಉಳಿದ ಜವಾನರಿಗೆ, ಅವರ ವಿಧವೆಯರಿಗೆ ಬೇರೆ ದಾರಿ. ಹವಾಲ್ದಾರ್‌ವರೆಗಿನ ದರ್ಜೆಯವರಾಗಿದ್ದು 65 ದಾಟಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ಪೆನ್ಯೂರಿ ಗ್ರಾಂಟ್ (ಕಡುಬಡವರಿಗೆ ನೆರವು) ಇದೆ. ತಿಂಗಳಿಗೆ ₹4,000 ಇದ್ದದ್ದು 2025ರಲ್ಲಿ ₹8,000 ಆಯಿತು. ಅರ್ಜಿ ಜಿಲ್ಲಾ ಸೈನಿಕ ಕಚೇರಿಯ ಮೂಲಕವೇ ಹೋಗಬೇಕು.

ಇಷ್ಟನ್ನೂ ಕುಟುಂಬದವರೇ ಮಾಡಿಕೊಳ್ಳಬೇಕೆ? ಬೇಡ ಎನ್ನುವುದೇ ನನ್ನ ವಾದ. ಮರಣ ನೋಂದಣಿ ಸರ್ಕಾರದ್ದು, ಆಧಾರ್ ಸರ್ಕಾರದ್ದು, ಸ್ಪರ್ಶ್ ಸರ್ಕಾರದ್ದು. ಸಾವು ನೋಂದಣಿಯಾದ ಕೂಡಲೇ ಕನಿಷ್ಠ ₹9,000 ಆಕೆಯ ಖಾತೆಗೆ ಹಾಕಿ, ಹೆಸರಿನ ತಕರಾರನ್ನು ಆಮೇಲೆ ಬಗೆಹರಿಸಬಹುದು. ಇನ್ನು ನಿವೃತ್ತಿಯಾಗಿ ಹೊರಡುವ ಪ್ರತಿ ಜವಾನನ ಹೆಂಡತಿಯ ಆಧಾರ್ ಮತ್ತು ಪಿಪಿಒ ಒಂದಾಗುವವರೆಗೆ ರೆಕಾರ್ಡ್ ಆಫೀಸ್ ಆ ಕಡತ ಮುಚ್ಚಬಾರದು.

ಅದು ಆಗುವವರೆಗೆ, ಅರ್ಜಿಗೆ ಉತ್ತರವೇ ಬಾರದಿದ್ದರೆ ಕೇಂದ್ರದ ಪಿಂಚಣಿ ದೂರು ಪೋರ್ಟಲ್ ಸಿಪೆನ್‌ಗ್ರಾಮ್ಸ್‌ನಲ್ಲಿ ದೂರು ದಾಖಲಿಸಿ ನಂಬರ್ ಇಟ್ಟುಕೊಳ್ಳಿ. ಅಲ್ಲೂ ತೀರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕ ಬರುವುದು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ.