ಹಳೆಯ ಜೀಪಿನ ಬಿಸಿ, ಸದ್ದು ಮತ್ತು ಅವುಗಳ ಹಿಂದೆ ಬಂದ ನೀರು

ಎರಡು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಉಜಿರೆಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಯ ಕಡೆಗೆ ಮರಳುತ್ತಿದ್ದೆವು. ಕೊಟ್ಟಿಗೆಹಾರದಲ್ಲಿ ಕಾಫಿಗೆಂದು ಜೀಪು ನಿಲ್ಲಿಸಿದಾಗ ಅಮ್ಮ ಕೆಳಗಿಳಿದು, ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನನಗೆ ತೋರಿಸಿದರು. ಅದರ ಅಟ್ಟೆ ಬಿಸಿಗೆ ಮೆತ್ತಗಾಗಿ ಬಾಗಿಹೋಗಿತ್ತು. "ಬೇಸಿಗೆ ಮುಗಿಯೋ ತನಕ ನಾನು ಬಸ್ಸಲ್ಲೇ ಓಡಾಡ್ತೀನಿ ಕಣೋ, ನೀನು ಬೇಜಾರು ಮಾಡ್ಕೋಬೇಡ" ಎಂದರು. ಘಾಟಿಯುದ್ದಕ್ಕೂ ಕೇಳಿದ ಸದ್ದಿನಿಂದ ನನ್ನ ಕಿವಿ ಇನ್ನೂ ಗುಂಯ್‌ಗುಡುತ್ತಿದ್ದುದರಿಂದ ಈ ಮಾತನ್ನು ಅವರು ಎರಡು ಸಲ ಹೇಳಬೇಕಾಯಿತು.

ಆ ಜೀಪು ಅಪ್ಪ ತೋಟಕ್ಕೆಂದು ತಂದಿದ್ದ 1989ರ ಮಹೀಂದ್ರ ಎಂಎಂ540. ಅದರೊಳಗಿರುವುದು ಪ್ಯೂಜೋ ಕಂಪನಿಯ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಎಕ್ಸ್‌ಡಿಪಿ 4.90 ಎಂಬ ಅದರ ಹೆಸರಿನಲ್ಲೇ ನಾಲ್ಕು ಸಿಲಿಂಡರ್ ಮತ್ತು 90 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ) ಎಂಬ ಅದರ ಅಳತೆ ಅಡಗಿದೆ. ಕಾಫಿ ಕುಯ್ಲಿನ ದಿನಗಳಲ್ಲಿ ಆಳುಗಳನ್ನೂ ಮೂಟೆಗಳನ್ನೂ ಹೊತ್ತು, ಮಳೆಗಾಲದಲ್ಲಿ ಲೋ ಗೇರಿನಲ್ಲಿ ಕೆಸರು ತುಳಿದು ದುಡಿದ ಗಾಡಿಯದು. ಅಪ್ಪ ತೀರಿಕೊಂಡ ಮೇಲೆ ಕೆಲವು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಅದನ್ನು, ನಟ್ಟು ಬೋಲ್ಟು ಸಹಿತ ಬಿಚ್ಚಿಸಿ, ಕೊಳೆತ ತಗಡನ್ನು ಕತ್ತರಿಸಿ ತೆಗೆಸಿ, ಹೊಸ ತಗಡು ಬೆಸೆಯಿಸಿ, ಪ್ರೈಮರ್ ಮತ್ತು ಪೇಂಟ್ ಮಾಡಿಸಿ, ಮೊದಲಿನ ರೂಪಕ್ಕೆ ತಂದಿದ್ದೆ.

ಆದರೆ ದುರಸ್ತಿಯಾದ ಜೀಪು ದುರಸ್ತಿಗೆ ಮುಂಚಿನ ಜೀಪಿಗಿಂತ ಹೆಚ್ಚು ಬಿಸಿಯಾಗುತ್ತಿತ್ತು, ಹೆಚ್ಚು ಸದ್ದು ಮಾಡುತ್ತಿತ್ತು. ಇದಕ್ಕೆ ಕಾರಣ ಹುಡುಕುತ್ತಾ ಹೋದಾಗ ನೆನಪಾದದ್ದು ಅಪ್ಪ ಕಾಲಡಿಗೆ ಹಾಸುತ್ತಿದ್ದ ಗೋಣಿಚೀಲಗಳು. ಎರಡೆರಡು ಚೀಲಗಳನ್ನು ಮಡಚಿ ನೆಲಕ್ಕೆ ಹಾಸಿ, ಅದರ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕುತ್ತಿದ್ದರು. ವಾರಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕುತ್ತಿದ್ದರು. ನೆಲದ ಅಡಿಭಾಗಕ್ಕೆ ವರ್ಷಗಟ್ಟಲೆ ಹತ್ತಿದ ಗ್ರೀಸು ಮತ್ತು ಮಣ್ಣಿನ ಪದರವೂ ತಗಡು ಅದುರದಂತೆ ಹಿಡಿದಿಟ್ಟಿತ್ತು. ನಾನು ಅದೆಲ್ಲವನ್ನೂ ಕೊಳೆಯೆಂದು ಕೆರೆಸಿ ತೆಗೆಸಿದ್ದೆ. ಉಳಿದದ್ದು ಚೆಂದದ ಬಣ್ಣ ಬಳಿದ ಬರಿಯ ತಗಡು. ಅಂದರೆ ಚರ್ಮ ಬಿಗಿದ ತಮಟೆ.

ಮೊದಲ ಪ್ರಯತ್ನದಲ್ಲಿ ನಾನು ಎಡವಿದೆ. ಪಟ್ಟಣದ ಅಂಗಡಿಯೊಂದರಲ್ಲಿ ಒಂದೇ ದಿನದಲ್ಲಿ ನೆಲ, ಬದಿ ಮತ್ತು ಫೈರ್‌ವಾಲ್‌ಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಗೆ) ಡಾಂಬರಿನ ಹಾಳೆಗಳನ್ನು ಒಂದಿಷ್ಟೂ ಜಾಗ ಬಿಡದಂತೆ ಅಂಟಿಸಿ, ಮೇಲೆ ಸ್ಪಂಜು ಹಾಸಿ, ಕಾರ್ಪೆಟ್ ಹೊದಿಸಿ ಕೊಟ್ಟರು. ಮೊದಲ ವಾರ ಸದ್ದು ಕಡಿಮೆಯಾಗಿದೆಯೆಂದು ನನಗೆ ನಿಜಕ್ಕೂ ಅನ್ನಿಸಿತು. ಬಿಸಿಲು ಏರಿದ ಹಾಗೆ ಸೈಲೆನ್ಸರ್ ಮೇಲಿನ ಜಾಗದಲ್ಲಿ ಡಾಂಬರು ಕರಗಿ, ರಸ್ತೆ ಹಾಕುವಾಗಿನ ವಾಸನೆ ಜೀಪಿನ ತುಂಬ ಹರಡಿತು. ಮಳೆ ಹಿಡಿದ ಮೇಲೆ ಸ್ಪಂಜು ನೀರು ಕುಡಿದು ಉಬ್ಬಿತು. ಆಗಸ್ಟ್ ತಿಂಗಳಲ್ಲಿ ಕಾರ್ಪೆಟ್ ಎತ್ತಿ ನೋಡಿದಾಗ, ಹಾಳೆಗಳ ಅಂಚಿನುದ್ದಕ್ಕೂ ಹೊಸ ತಗಡಿಗೆ ತುಕ್ಕು ಹಿಡಿದಿತ್ತು. ಬಿಸಿಗಾಳಿ ಗನ್, ಉಳಿಯಂತಹ ಪಟ್ಟಿ ಮತ್ತು ಸೀಮೆಎಣ್ಣೆ ಹಿಡಿದು ಅದನ್ನೆಲ್ಲ ಕೆರೆದು ತೆಗೆಯಲು ನನಗೂ ಟಿಂಕರ್ ಕೆಲಸದ ಹಿರಿಯರೊಬ್ಬರಿಗೂ ನಾಲ್ಕು ದಿನ ಹಿಡಿಯಿತು. ಕೆಲಸದ ನಡುವೆ ಅವರು ಹೇಳಿದ ಮಾತು ಮುಂದಿನ ಎಲ್ಲ ಕೆಲಸಕ್ಕೂ ನನಗೆ ಅಳತೆಗೋಲಾಯಿತು: "ಸಾರ್, ಇದು ಕಾರಲ್ಲ, ನೀರು ಒಳಗೆ ಬಂದೇ ಬರುತ್ತೆ. ಬಂದ ನೀರು ಹೋಗೋಕೆ ದಾರಿ ಇಡಿ, ಆಮೇಲೆ ಬೇರೆ ಮಾತು."

ಎರಡನೆಯ ಸಲ ಏನನ್ನೂ ಅಂಟಿಸುವ ಮೊದಲು, ಬಿಸಿ ಎಲ್ಲಿಂದ ಬರುತ್ತಿದೆ, ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಿದೆ. ಇವೆರಡಕ್ಕೂ ಒಂದೇ ಮದ್ದು ಎಂಬ ನಂಬಿಕೆಯೇ ಹೆಚ್ಚಿನ ತಪ್ಪುಗಳಿಗೆ ಮೂಲವೆಂದು ಈಗ ನನಗೆ ಖಚಿತವಾಗಿದೆ.

ಮೊದಲು ಮಾಡಿದ್ದು ರಾತ್ರಿಯ ಪರೀಕ್ಷೆ. ಶೆಡ್ಡಿನ ದೀಪ ಆರಿಸಿ, ಬಾನೆಟ್ಟಿನೊಳಗೆ ಒಂದು, ಜೀಪಿನ ಅಡಿಗೆ ಇನ್ನೊಂದು ಪ್ರಕಾಶಮಾನವಾದ ಬಲ್ಬ್ ಉರಿಸಿ, ಒಳಗೆ ಕುಳಿತು ನೋಡಿದೆ. ಸ್ಟೇರಿಂಗ್ ಕಂಬದ ಸುತ್ತ, ಪೆಡಲ್‌ಗಳು ಹಾಯುವ ಸೀಳುಗಳಲ್ಲಿ, ವಯರಿಂಗ್ ಬರುವಲ್ಲಿ, ಗೇರ್ ಲಿವರ್ ಮತ್ತು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಗೇರುಪೆಟ್ಟಿಗೆಯ) ಲಿವರ್‌ಗಳ ಹರಿದ ರಬ್ಬರಿನ ಸುತ್ತ ಬೆಳಕು ಸೋರುತ್ತಿತ್ತು. ಯಾವುದೋ ಕಾಲದಲ್ಲಿ ಯಾರೋ ಕೊರೆದು ಬಿಟ್ಟ ತೂತುಗಳೂ ನಕ್ಷತ್ರಗಳಂತೆ ಮಿನುಗುತ್ತಿದ್ದವು. ಬೆಳಕು ಬರುವಲ್ಲಿ ಎಂಜಿನ್ನಿನ ಬಿಸಿಗಾಳಿಯೂ ಬರುತ್ತದೆ, ಸದ್ದೂ ಬರುತ್ತದೆ, ಹೊಗೆಯೂ ಬರುತ್ತದೆ. ಒಂದು ಗೋಡೆ ಎಷ್ಟೇ ದಪ್ಪವಾಗಿರಲಿ, ಅದರ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ ಅದು ಸುಮಾರು 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದನ್ನು ತಡೆಯಲಾರದು. ಆದ್ದರಿಂದ ಬೆಲೆಬಾಳುವ ಹಾಳೆಗಳಿಗಿಂತ ಮೊದಲು ಕೊಳ್ಳಬೇಕಾದದ್ದು ರಬ್ಬರ್ ಗ್ರಾಮೆಟ್‌ಗಳನ್ನು (ವಯರು ಹಾಯುವ ತೂತಿನ ಅಂಚಿಗೆ ಕೂರುವ ಬಳೆಗಳನ್ನು) ಮತ್ತು ಲಿವರ್‌ಗಳಿಗೆ ಹೊಸ ಬೂಟ್‌ಗಳನ್ನು, ಅಂದರೆ ಬುಡ ಮುಚ್ಚುವ ರಬ್ಬರ್ ಗವಸುಗಳನ್ನು. ಬೇಡದ ತೂತುಗಳನ್ನು ಬೆಸೆದು ಮುಚ್ಚಿಸಿದೆವು. ಒಟ್ಟು ಖರ್ಚಿನಲ್ಲಿ ಅತಿ ಸಣ್ಣ ಪಾಲು ಹೋದದ್ದು ಈ ಕೆಲಸಕ್ಕೆ. ಅತಿ ದೊಡ್ಡ ವ್ಯತ್ಯಾಸ ಕಂಡದ್ದೂ ಇದರಿಂದಲೇ. ಜೊತೆಗೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಮೌಂಟಿಂಗ್ ರಬ್ಬರ್‌ಗಳನ್ನೂ ಬದಲಿಸಿದೆವು. ಹಳೆಯವು ಕಲ್ಲಿನಂತೆ ಗಟ್ಟಿಯಾಗಿ, ಎಂಜಿನ್ನಿನ ನಡುಕವನ್ನು ಒಂದಿಷ್ಟೂ ತಡೆಯದೆ ಚಾಸಿಗೆ ದಾಟಿಸುತ್ತಿದ್ದವು.

ಇನ್ನು ಅಮ್ಮನ ಚಪ್ಪಲಿಯ ವಿಷಯ. ನನ್ನ ಜೀಪಿನಲ್ಲಿ ಸೈಲೆನ್ಸರ್ ಪೈಪು ಎಡಗಡೆಯ ನೆಲದ ಕೆಳಗೆ ಹಾದುಹೋಗುತ್ತದೆ. ಕಾದ ಪೈಪಿನಿಂದ ನೆಲಕ್ಕೆ ಶಾಖ ಮುಖ್ಯವಾಗಿ ವಿಕಿರಣದ ರೂಪದಲ್ಲಿ ತಲುಪುತ್ತದೆ. ಅದರ ಪ್ರಮಾಣ ಪೈಪಿನ ನಿರಪೇಕ್ಷ ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ಬಯಲು ರಸ್ತೆಯಲ್ಲಿ ಸಹಿಸಬಹುದಾದ ಬಿಸಿ ಘಾಟಿಯ ಎರಡನೆಯ ಗೇರಿನಲ್ಲಿ ಅಸಹನೀಯವಾಗುತ್ತದೆ. ವಿಕಿರಣವನ್ನು ತಡೆಯಲು ದಪ್ಪ ಹಾಸು ಬೇಕಿಲ್ಲ. ಅದನ್ನು ಹಿಂದಕ್ಕೆ ತಿರುಗಿಸುವ ಹೊಳಪಿನ ಮೈ ಬೇಕು, ಮತ್ತು ಆ ಮೈಗೂ ನೆಲಕ್ಕೂ ನಡುವೆ ಗಾಳಿ ಆಡುವ ಜಾಗ ಬೇಕು. ಹೊಳೆಯುವ ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ವಿಕಿರಣದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಮರಳಿ ಕಳುಹಿಸುತ್ತದೆ. ಬಣ್ಣ ಬಳಿದ ತಗಡು ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಹೀರಿಕೊಳ್ಳುತ್ತದೆ. ಆದರೆ ಅದೇ ಅಲ್ಯೂಮಿನಿಯಂ ಹಾಳೆಯನ್ನು ನೆಲದ ತಗಡಿಗೆ ಒತ್ತಿ ಅಂಟಿಸಿದರೆ, ಅದು ಹೀರಿದ ಉಳಿದ ಶಾಖ ನೇರವಾಗಿ ತಗಡಿಗೆ ಇಳಿಯುತ್ತದೆ, ಬೀಸುವ ಗಾಳಿಗೆ ಆರುವ ಅವಕಾಶ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಪೈಪಿನ ಮೇಲೆ ಕಮಾನಿನಂತೆ ಬಾಗಿಸಿ, ಉಕ್ಕಿನ ಬುಷ್‌ಗಳ ಮೇಲೆ ಕೂರಿಸಿ, ನೆಲದಿಂದ ಸುಮಾರು ಮುಕ್ಕಾಲು ಇಂಚು ಕೆಳಗೆ ನಿಲ್ಲುವಂತೆ ಬೋಲ್ಟ್ ಮಾಡಿದೆವು. ಮುಂದೆ ಮತ್ತು ಹಿಂದೆ ತೆರೆದೇ ಇರುವುದರಿಂದ ಓಡುವಾಗಿನ ಗಾಳಿ ಅದರ ಮೇಲೂ ಕೆಳಗೂ ಹಾಯುತ್ತದೆ; ಕೆಸರು ಸಿಕ್ಕಿಕೊಂಡರೆ ನೀರಿನ ಪೈಪು ಹಿಡಿದು ತೊಳೆಯಬಹುದು. ಪೈಪಿಗೆ ಬಟ್ಟೆಯಂತಹ ಶಾಖನಿರೋಧಕ ಪಟ್ಟಿ ಸುತ್ತುವ ಸಲಹೆಯೂ ಬಂದಿತ್ತು. ಮಲೆನಾಡಿನ ಮಳೆಯಲ್ಲಿ ಆ ಪಟ್ಟಿ ನೀರು ಹಿಡಿದಿಟ್ಟುಕೊಂಡು ಸಾಧಾರಣ ಉಕ್ಕಿನ ಪೈಪನ್ನು ಬೇಗ ತಿಂದುಹಾಕುತ್ತದೆಯಾದ್ದರಿಂದ ನಾನು ಅದನ್ನು ಒಪ್ಪಲಿಲ್ಲ. ಬಾನೆಟ್ಟಿನ ಒಳಮೈಗೂ ಸ್ಪಂಜು ಅಂಟಿಸಲಿಲ್ಲ. ಡೀಸೆಲ್ ಮತ್ತು ಆಯಿಲ್ ಹೀರಿದ ಸ್ಪಂಜು ಬಿಸಿ ಎಂಜಿನ್ನಿನ ಮೇಲೆ ತೂಗುತ್ತಿರುವುದು ಬೆಂಕಿಗೆ ಆಹ್ವಾನ.

ನೆಲ ಮತ್ತು ಫೈರ್‌ವಾಲ್ ಅದುರುವುದನ್ನು ನಿಲ್ಲಿಸಲು ಈ ಸಲ ಡಾಂಬರಿನ ಬದಲು, ಮೇಲೆ ಅಲ್ಯೂಮಿನಿಯಂ ಪೊರೆಯಿರುವ 2 ಮಿಲಿಮೀಟರ್ ದಪ್ಪದ ಬ್ಯುಟೈಲ್ ರಬ್ಬರ್ ಹಾಳೆ ಬಳಸಿದೆ. ತಗಡು ಅದುರಿದಾಗ ಅದಕ್ಕೂ ಮೇಲಿನ ಪೊರೆಗೂ ನಡುವೆ ಸಿಕ್ಕ ರಬ್ಬರ್ ಅತ್ತಿತ್ತ ಜಗ್ಗಿ, ಆ ಅದುರಿಕೆಯ ಶಕ್ತಿಯನ್ನು ಕೊಂಚ ಶಾಖವಾಗಿ ಮಾರ್ಪಡಿಸಿ ಮುಗಿಸುತ್ತದೆ. ಇದು ಸದ್ದನ್ನು ಅಡ್ಡಗಟ್ಟುವ ಗೋಡೆಯಲ್ಲ. ತಗಡು ತಾನೇ ಸದ್ದು ಹುಟ್ಟಿಸದಂತೆ ಮಾಡುವ ಉಪಾಯ. ಆದ್ದರಿಂದ ಇಡೀ ನೆಲವನ್ನು ಮುಚ್ಚುವ ಅಗತ್ಯವೇ ಇಲ್ಲ. ತಗಡನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಎಲ್ಲಿ ಅದು ಠಣ್ ಎಂದು ಹೆಚ್ಚು ಹೊತ್ತು ಮೊಳಗುತ್ತದೆಯೋ ಆ ಹಾಸುಗಳ ನಡುಭಾಗದಲ್ಲಿ, ವಿಸ್ತೀರ್ಣದ ಮೂರನೆಯ ಒಂದು ಪಾಲಿನಷ್ಟು ಅಂಟಿಸಿದರೆ ಸಾಕು. ಆಮೇಲೆ ಅದೇ ಜಾಗ ದಪ್ಪ್ ಎನ್ನುತ್ತದೆ. ಥಿನ್ನರ್ ಹಾಕಿ ಎಣ್ಣೆಪಸೆ ತೆಗೆದು, ಸಣ್ಣ ಉಕ್ಕಿನ ರೋಲರಿನಿಂದ ಗಾಳಿ ಉಳಿಯದಂತೆ ಒತ್ತಿ, ಅಂಚುಗಳಿಗೆ ಸೀಮ್ ಸೀಲರ್ (ಸಂದಿಗೆ ನೀರು ಇಳಿಯದಂತೆ ತಡೆಯುವ ಮೇಣದಂತಹ ಅಂಟು) ಬಳಿದೆ. ನೆಲದ ತಗ್ಗಿನಲ್ಲಿ ನೀರು ಹೋಗುವ ತೂತುಗಳ ಸುತ್ತ ಅಂಗೈಯಗಲದ ಜಾಗವನ್ನೂ, ಬೆಸುಗೆಯ ಸಾಲುಗಳನ್ನೂ ಖಾಲಿ ಬಿಟ್ಟೆ. ಹಾಗೆ ಬಿಟ್ಟದ್ದರಿಂದ ತೂಕವೂ ಉಳಿಯಿತು, ದುಡ್ಡೂ ಉಳಿಯಿತು. ನನಗೆ ಹೆಚ್ಚು ಮುಖ್ಯವಾದದ್ದು, ತಗಡು ಕಣ್ಣಿಗೆ ಕಾಣುವಂತೆ ಉಳಿಯಿತು.

ಅದರ ಮೇಲೆ ಬಂದದ್ದು ಎರಡು ಪದರಗಳ ಮ್ಯಾಟ್. ಕೆಳಗೆ 6 ಮಿಲಿಮೀಟರ್ ದಪ್ಪದ, ನೀರು ಹೀರದ, ಮುಚ್ಚಿದ ರಂಧ್ರಗಳ ಫೋಮ್. ಮೇಲೆ ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವ ಭಾರದ ವಿನೈಲ್ ಹಾಳೆ. ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಇಮ್ಮಡಿಯಾದ ಪ್ರತಿ ಸಲವೂ ಸುಮಾರು 6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ. ಆದರೆ ಆ ತೂಕ ತಗಡಿಗೆ ನೇರವಾಗಿ ಅಂಟಿಕೊಂಡಿರದೆ, ಮೆತ್ತನೆಯ ಫೋಮಿನ ಮೇಲೆ ತೇಲುತ್ತಿರಬೇಕು. ಆಗ ತಗಡಿನ ನಡುಕ ಅದಕ್ಕೆ ದಾಟುವುದು ಕಡಿಮೆಯಾಗುತ್ತದೆ. ಈ ಮಾತು ಅರ್ಥವಾದ ದಿನ ನನಗೆ ಅಪ್ಪನ ಗೋಣಿಚೀಲ ಮತ್ತು ರಬ್ಬರ್ ಮ್ಯಾಟ್ ಕಣ್ಣಮುಂದೆ ಬಂದವು. ಕೆಳಗೆ ಗಾಳಿ ತುಂಬಿದ ಮೆತ್ತನೆಯ ನಾರು, ಮೇಲೆ ಭಾರದ ರಬ್ಬರ್. ವಿಜ್ಞಾನದ ಹೆಸರುಗಳಿಲ್ಲದೆ ಅವರು ಮಾಡಿಕೊಂಡದ್ದು ಇದನ್ನೇ, ಅದೂ ಬಿಸಿಲಿಗೆ ಹಾಕಿ ಒಣಗಿಸಬಹುದಾದ ರೀತಿಯಲ್ಲಿ.

ಆದ್ದರಿಂದ ನನ್ನ ಮ್ಯಾಟುಗಳನ್ನೂ ಅಂಟಿಸದೆ, ಚಾಲಕನ ಕಡೆ, ಎಡಗಡೆ, ಹಿಂಭಾಗ ಎಂದು ಮೂರು ತುಂಡುಗಳಾಗಿ ಮಾಡಿಸಿ, ಟರ್ನ್ ಬಟನ್‌ಗಳಿಂದ (ತಿರುಗಿಸಿದರೆ ಬಿಚ್ಚಿಕೊಳ್ಳುವ ಗುಂಡಿಗಳಿಂದ) ಕೂರಿಸಿದ್ದೇನೆ. ಐದು ನಿಮಿಷದಲ್ಲಿ ಮೂರನ್ನೂ ಎತ್ತಿ ಹೊರಗೆ ಹಾಕಬಹುದು. ಫೈರ್‌ವಾಲಿನ ಒಳಮೈಯ ಫೋಮ್ ಮಾತ್ರ ಕಾಯಂ ಆಗಿ ಅಂಟಿದೆ. ಅಲ್ಲಿ ನೀರು ನಿಲ್ಲುವುದಿಲ್ಲ.

ಚಾವಣಿಯ ಕೆಲಸ ಬೇಗ ಮುಗಿಯಿತು. ನೆತ್ತಿಯ ಮೇಲಿನ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವಾಟ್ ಶಾಖ ಸುರಿಯುತ್ತದೆ. ಒಂಟಿ ಕ್ಯಾನ್ವಾಸ್ ಕಾದು ಅದನ್ನು ನಮ್ಮ ತಲೆಯ ಮೇಲೆ ಮತ್ತೆ ಬೀರುತ್ತದೆ. ಕುಶನ್ ಕೆಲಸದವರಿಂದ ತಿಳಿ ಬಣ್ಣದ ದಪ್ಪ ಹತ್ತಿಬಟ್ಟೆಯ ಒಳಹೊದಿಕೆಯೊಂದನ್ನು ಹೊಲಿಸಿ, ಹುಡ್ಡಿನ ಕಂಬಿಗಳ ಕೆಳಬದಿಗೆ ಕಟ್ಟಿಸಿದೆ. ಕಂಬಿಯ ದಪ್ಪದಷ್ಟು ಗಾಳಿಯ ಜಾಗ ನಡುವೆ ತಾನಾಗಿ ಸಿಕ್ಕಿತು. ಪಟಪಟ ಬಡಿಯುತ್ತಿದ್ದ ಹಿಂದಿನ ಪರದೆಗೆ ಎರಡು ಪಟ್ಟಿ ಹೆಚ್ಚು ಹಾಕಿಸಿದೆ.

ಇಷ್ಟೆಲ್ಲ ಮಾಡಿದ ಮೇಲೂ ಹೋಗದೆ ಉಳಿದ ಸದ್ದೊಂದಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಉರಿಯುತ್ತದೆ; ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 67 ಬಡಿತ. ಗಾಳಿಯಲ್ಲಿ ಆ ಸದ್ದಿನ ಅಲೆಯ ಉದ್ದ 5 ಮೀಟರ್. ಅಂದರೆ ಇಡೀ ಜೀಪಿಗಿಂತ ಉದ್ದ. ಬೆರಳು ದಪ್ಪದ ಯಾವ ಫೋಮೂ ಅದನ್ನು ಹಿಡಿಯಲಾರದು. ಗೇರುಗಳ ಕೀರಲು, ತಗಡಿನ ಗಲಗಲ, ಗಾಳಿಯ ಸುಯ್ಲು ಇವೆಲ್ಲ ತಗ್ಗಿದವು. ಆ ಒಂದು ಗುಡುಗುಡು ಮಾತ್ರ ಮೊದಲಿನಂತೆಯೇ ಇದೆ. ಅದು ಇರಲಿ ಎಂದೇ ನನ್ನ ಆಸೆ. ಸಂಜೆ ತೋಟದ ತಿರುವಿನಲ್ಲಿ ಅಪ್ಪ ಬರುತ್ತಿದ್ದಾರೆಂದು ನಮಗೆ ತಿಳಿಯುತ್ತಿದ್ದದ್ದು ಆ ಸದ್ದಿನಿಂದಲೇ.

ಈ ವರ್ಷದ ಏಪ್ರಿಲ್ಲಿನಲ್ಲಿ ಅದೇ ಘಾಟಿಯನ್ನು ಮತ್ತೆ ಹತ್ತಿದೆವು. ಅಮ್ಮ ಎಡಗಡೆ ಕುಳಿತು, ಎರಡನೆಯ ತಿರುವು ದಾಟುವಷ್ಟರಲ್ಲಿ ಚಪ್ಪಲಿ ಬಿಚ್ಚಿ, ಬರಿಗಾಲನ್ನು ಮ್ಯಾಟಿನ ಮೇಲಿಟ್ಟು, ಕೊಟ್ಟಿಗೆಹಾರದ ತನಕ ಮಾತನಾಡುತ್ತಲೇ ಬಂದರು. ನಾನು ಒಮ್ಮೆಯೂ "ಏನಂದ್ರಿ?" ಎಂದು ಕೇಳಬೇಕಾಗಲಿಲ್ಲ.

ಆರಿದ್ರಾ ಮಳೆ ಹಿಡಿದ ನಾಲ್ಕನೆಯ ದಿನ ಶೆಡ್ಡಿನಲ್ಲಿ ಮೂರು ಮ್ಯಾಟುಗಳನ್ನೂ ಎತ್ತಿ ನೋಡಿದೆ. ಚಾಲಕನ ಕಡೆ ಮತ್ತು ಎಡಗಡೆ ಒಣಗಿದ್ದವು. ಹಿಂಭಾಗದಲ್ಲಿ, ಬಲಗಡೆಯ ಚಕ್ರದ ಕಮಾನು ನೆಲವನ್ನು ಸೇರುವ ಮೂಲೆಯಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಒದ್ದೆ ಕಂಡಿತು. ಅಡಿಗೆ ನುಗ್ಗಿ ಹುಡುಕಿದಾಗ, ಬೆಸುಗೆಯ ಸಾಲಿನಲ್ಲಿ ಸೀಲರ್ ತಲುಪದೆ ಉಳಿದ ಅರ್ಧ ಇಂಚಿನ ಸಂದು ಸಿಕ್ಕಿತು. ಎರಡು ದಿನ ಒಣಗಲು ಬಿಟ್ಟು, ಕೆರೆದು, ಪ್ರೈಮರ್ ಬಳಿದು, ಸೀಲರ್ ತುಂಬಿದೆ. ಹಿಂದಿನ ಮ್ಯಾಟ್ ಇನ್ನೂ ಅಡುಗೆಮನೆಯ ಒಲೆಯ ಪಕ್ಕದ ಗೋಡೆಗೆ ಒರಗಿ ನಿಂತಿದೆ. ಪುನರ್ವಸು ಬಿಡುವು ಕೊಟ್ಟ ದಿನ ಹಾಕಬೇಕು.