ಡ್ಯೂಟಿ ಫ್ರೀಯಿಂದ ಫೋನ್ ಮಾಡುವವರಿಗೆ

"ಡ್ಯೂಟಿ ಫ್ರೀಯಲ್ಲಿ ನಿಂತಿದೀನಿ. ಬೋರ್ಡಿಂಗ್ ಶುರುವಾಗಿದೆ. ಬೇಗ ಹೇಳು, ಯಾವ ವಿಸ್ಕಿ ಬೆಸ್ಟು?"

ತಿಂಗಳಿಗೆ ಎರಡು ಸಲವಾದರೂ ನನಗೆ ಈ ಫೋನ್ ಬರುತ್ತದೆ. ಕೆಲವರು ಹಲೋ ಕೂಡ ಅನ್ನುವುದಿಲ್ಲ. ವಾಟ್ಸಾಪಿಗೆ ಬಾಟಲಿಗಳ ಸಾಲಿನ ಫೋಟೋ ಬೀಳುತ್ತದೆ, ಅದರ ಕೆಳಗೆ ಬರೀ ಒಂದು ಪ್ರಶ್ನೆ ಗುರುತು. ನನಗೆ ವಿಸ್ಕಿ ಅಂದರೆ ಇಷ್ಟ. ಹದಿನೈದು ವರ್ಷದಿಂದ ಓದಿ, ಮೂಸಿ, ಸ್ವಲ್ಪ ಸ್ವಲ್ಪವೇ ಕುಡಿದು ಕಲಿತಿದ್ದೇನೆ. ಕೇಳಿದವರಿಗೆ ಹೇಳಲು ಬೇಜಾರೂ ಇಲ್ಲ. ಆದರೆ ಇನ್ನು ಮೇಲೆ ಫೋನಿನಲ್ಲಿ ಹೇಳುವುದಿಲ್ಲ. ಇಲ್ಲೇ ಬರೆದುಬಿಡುತ್ತೇನೆ, ಓದಿಕೊಳ್ಳಿ.

ಬೆಸ್ಟ್ ಅಂತ ಯಾವುದೂ ಇಲ್ಲ. ಯಾರಿಗೆ ಅಂತ ಹೇಳದೆ ಯಾವುದು ಅಂತ ಕೇಳಬೇಡಿ. ಸೀರೆ ಅಂಗಡಿಗೆ ಹೋಗಿ ಸುಮ್ನೆ "ಬೆಸ್ಟ್ ಸೀರೆ ಕೊಡಿ" ಅಂತೀರಾ? ಅಂಗಡಿಯವನು "ಯಾರಿಗಮ್ಮಾ, ಮದುವೆಗಾ, ದಿನಾ ಉಡೋಕಾ?" ಅಂತ ಕೇಳಿದರೆ ಸರಿಯಾಗಿ ಉತ್ತರ ಕೊಡುತ್ತೀರಿ. ನಾನು ಕೇಳಿದರೆ ಮಾತ್ರ "ಅದೆಲ್ಲ ನಿನಗ್ಯಾಕೆ, ಹೆಸರು ಹೇಳು" ಅಂತ ರೇಗುತ್ತೀರಿ.

ಹಾಗೆ ರೇಗಿದವನೊಬ್ಬನಿಗೆ ಹೆಸರು ಹೇಳಿ ನಾನು ಕೆಟ್ಟೆ. ಮೂರು ವರ್ಷದ ಹಿಂದೆ ಗೆಳೆಯನೊಬ್ಬ ಲಂಡನ್ ಏರ್‌ಪೋರ್ಟಿನಿಂದ ಫೋನ್ ಮಾಡಿದ. ಯಾರಿಗೆ ಅಂದೆ. "ಬಿಡು ಮಗಾ, ಜೋರಾಗಿರಬೇಕು, ಊರಲ್ಲಿ ಯಾರೂ ಕುಡಿದಿರಬಾರದು, ಅಷ್ಟೇ" ಅಂದ. ಸರಿ, ಲಫ್ರಾಯ್ಗ್ 10 ತಗೋ ಅಂದೆ. ಅದು ಸ್ಕಾಟ್ಲೆಂಡಿನ ಐಲಾ ದ್ವೀಪದ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ (ಅದೇ ಮಾಲ್ಟ್) ಮಾಡಿದ ವಿಸ್ಕಿ. ನನಗೆ ತುಂಬ ಇಷ್ಟವಾದದ್ದು. ಅವನು ಅದನ್ನು ಕೊಂಡದ್ದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿರುವ ಮಾವನಿಗೆ. ವಾರದ ಮೇಲೆ ಮತ್ತೆ ಫೋನ್. "ಮಾನ ಕಳೆದೆ ಕಣೋ. ಮಾವ ಒಂದೇ ಗುಟುಕು ಬಾಯಿಗೆ ಹಾಕ್ಕೊಂಡು ಆಚೆ ಉಗಿದರು. ಟಿಂಚರ್ ವಾಸನೆ ಅಂತೆ. ಡೂಪ್ಲಿಕೇಟ್ ಮಾಲು ತಂದಿದೀಯಾ ಅಂತಿದಾರೆ."

ಡೂಪ್ಲಿಕೇಟ್ ಅಲ್ಲ. ಅದು ಇರಬೇಕಾದದ್ದೇ ಹಾಗೆ. ಆದರೆ ಇದನ್ನು ಫೋನಿನಲ್ಲಿ ಯಾರು ನಂಬುತ್ತಾರೆ? ಆ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಾನೂ ಅವನ ಜೊತೆ ಊರಿಗೆ ಹೋದೆ. ಬಾಡೂಟಕ್ಕೆ ಅಂತ ಅವನು ಅಂದುಕೊಂಡ. ನಾನು ಹೋದದ್ದು ನನ್ನ ಹೆಸರು ಉಳಿಸಿಕೊಳ್ಳಲು.

ಬಾಟಲಿ ಗೋಡೆಯ ಗೂಡಿನಲ್ಲಿ ದನದ ಔಷಧಿಯ ಪಕ್ಕ ಇತ್ತು. ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ಸ್ಟೀಲ್ ಲೋಟಕ್ಕೆ ಒಂದು ಬೆರಳಿನಷ್ಟು ಬಿಟ್ಟು, ಅದರ ಎರಡರಷ್ಟು ಮಡಕೆ ನೀರು ಹಾಕಿದೆ. ಕುಡೀಬೇಡಿ, ಮೂಸಿ ಸಾಕು ಅಂದೆ. ಯಜಮಾನರು ಮೂಗಿನ ಹತ್ತಿರ ತಂದರು, ಮುಖ ಸಿಂಡರಿಸಿದರು. ಲೋಟ ಕೆಳಗಿಟ್ಟು ಬೀಡಿ ಆರಿಸಿದರು. ಮತ್ತೆ ಮೂಸಿದರು.

"ಟಿಂಚರ್ ಹಿಂದ್ಗಡೆ ಹೊಗೆ ಐತೆ. ಎಲ್ಲಿಂದ ಬಂತಪ್ಪಾ ಇದ್ಕೆ ಹೊಗೆ?"

ಅಷ್ಟು ವರ್ಷದಿಂದ ನಾನು ಕಾಯುತ್ತಿದ್ದದ್ದು ಈ ಪ್ರಶ್ನೆಗೆ. ಯಾವುದು ಬೆಸ್ಟ್ ಅಂತಲ್ಲ, ಎಷ್ಟು ರೇಟು ಅಂತಲ್ಲ. ಇದು ಹೀಗೆ ಯಾಕಿದೆ ಅಂತ.

ಹೇಳಿದೆ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ "ಮಗೀಗೆ ಸರಿ ಮಾಡೋಕೆ ರಾಗಿ ಮೊಳಕೆ ಕಟ್ತೀವಲ್ಲ, ಹಂಗಾ?" ಅಂದರು. ಹಾಗೇ ಅಮ್ಮ, ಅದೇ ಕೆಲಸ. ಮೊಳಕೆ ಇಷ್ಟುದ್ದ ಬಂದಾಗ ಒಣಗಿಸಿ ನಿಲ್ಲಿಸಬೇಕು. ನಮ್ಮಲ್ಲಿ ಬಿಸಿಲಿದೆ. ಆ ದ್ವೀಪದಲ್ಲಿ ಬಿಸಿಲೂ ಕಮ್ಮಿ, ಉರಿಸಲು ಮರವೂ ಕಮ್ಮಿ. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತ ಪಾಚಿ, ಬೇರು ಎಲ್ಲ ಸೇರಿ ಗಟ್ಟಿಯಾದ ಮಣ್ಣಿನಂಥದ್ದು ಸಿಗುತ್ತದೆ. ಅದಕ್ಕೆ ಪೀಟ್ ಅಂತಾರೆ. ಅದನ್ನು ಕಡಿದು, ಒಣಗಿಸಿ, ನಮ್ಮ ಬೆರಣಿಯ ಹಾಗೆ ಉರಿಸುತ್ತಾರೆ. ಆ ಹೊಗೆ ಕಾಳಿನ ಸಿಪ್ಪೆಗೆ ಹಿಡಿಯುತ್ತದೆ. ಆಮೇಲೆ ಕಾಳು ಪುಡಿಯಾಗಿ, ಬಿಸಿನೀರಲ್ಲಿ ಕಲಸಿ, ಹುಳಿ ಬಂದು, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿದು, ವರ್ಷಗಟ್ಟಲೆ ಓಕ್ ಮರದ ಪೀಪಾಯಿಯಲ್ಲಿ ಕೂತರೂ ಆ ಹೊಗೆ ಹೋಗುವುದಿಲ್ಲ.

"ಹಂಗಾರೆ ನಾವು ದಿನಾ ಕುಡಿಯೋದು?" ಅಂದರು ಯಜಮಾನರು. ಅದು ಜಾಸ್ತಿ ಕಾಕಂಬಿಯ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ) ಸ್ಪಿರಿಟ್ಟು, ಈಗೀಗ ಬೇರೆ ಧಾನ್ಯದ್ದೂ ಇರುತ್ತದೆ, ಕೆಲವಕ್ಕೆ ಸ್ವಲ್ಪ ಮಾಲ್ಟ್ ಬೆರೆಸುತ್ತಾರೆ, ಕಾಕಂಬಿಯದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರುವಂತಿಲ್ಲ ಅಂದೆ. ನಲವತ್ತು ವರ್ಷ ಕಬ್ಬು ಬೆಳೆದ ಮನುಷ್ಯ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಕಬ್ಬೇ ನಮ್ಗೆ ವಾಪಸ್ ಬರ್ತದೆ ಅನ್ನು" ಅಂದರು. ನಾನು ವಿಸ್ಕಿ ಬಗ್ಗೆ ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಇಷ್ಟ ಆಯ್ತಾ ಅಂದರೆ, ಇಲ್ಲ. ಬಾಟಲಿ ನನಗೇ ಕೊಟ್ಟು ಕಳಿಸಿದರು.

ವಾಪಸ್ ಬರುವಾಗ ಮೈಸೂರು ರಸ್ತೆಯಲ್ಲಿ ಕುಂಬಳಗೋಡು ಹತ್ತಿರವಾಗುತ್ತಿದ್ದಂತೆ ಗೆಳೆಯ ಮತ್ತೊಂದು ಮಾಮೂಲಿ ಪ್ರಶ್ನೆ ತೆಗೆದ. "ಹೋಗ್ಲಿ, ಹದಿನೆಂಟು ವರ್ಷದ್ದು ತಂದಿದ್ರೆ ಚೆನ್ನಾಗಿರ್ತಿತ್ತು ಅಲ್ವಾ?" ಈ ಮಾತು ಕೇಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಬಾಟಲಿ ಮೇಲಿನ ನಂಬರು ಅಂದರೆ ಪೀಪಾಯಿಯಲ್ಲಿ ಕೂತ ವರ್ಷ. ಆ ವಯಸ್ಸು ಜಾಸ್ತಿಯಾದರೆ ರೇಟು ಜಾಸ್ತಿ, ಅಷ್ಟೇ ಗ್ಯಾರಂಟಿ. ಪಕ್ಕದಲ್ಲೇ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿ ಇದೆ, ಅದನ್ನೇ ತೋರಿಸಿ ಹೇಳಿದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾಗುತ್ತದೆ. ಬೆಂಗಳೂರಿನ ಸೆಕೆಗೆ ಹತ್ತಕ್ಕೂ ಜಾಸ್ತಿ. ಹತ್ತೇ ಅಂತ ಲೆಕ್ಕ ಹಾಕು. 200 ಲೀಟರ್ ತುಂಬಿಸಿಟ್ಟರೆ 18 ವರ್ಷಕ್ಕೆ ಅಲ್ಲಿ ಸುಮಾರು 139 ಲೀಟರ್ ಉಳಿಯುತ್ತದೆ, ಇಲ್ಲಿ 30. ಆದರೆ ಅದೇ ಸೆಕೆಗೆ ಮರದ ಸಾರವೂ ಬೇಗ ಇಳಿಯುತ್ತದೆ, ಅದಕ್ಕೇ ಇಲ್ಲಿಯದು ನಾಲ್ಕೈದು ವರ್ಷಕ್ಕೆಲ್ಲ ಹದಕ್ಕೆ ಬರುತ್ತದೆ. 2004ರಲ್ಲಿ ಇವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಜಿಮ್ ಮರ್ರಿ ಅನ್ನುವ ವಿಮರ್ಶಕರು 2010ರ ಪಟ್ಟಿಯಲ್ಲಿ ಅಮೃತ್ ಫ್ಯೂಷನ್‌ಗೆ ಲೋಕದಲ್ಲೇ ಮೂರನೇ ಸ್ಥಾನ ಕೊಟ್ಟರು. ಅದರ ಮೇಲೆ ವಯಸ್ಸಿನ ನಂಬರೇ ಇಲ್ಲ. ನಮ್ಮೂರ ರಸ್ತೆ ಪಕ್ಕದ್ದನ್ನು ಬಿಟ್ಟು ಲಂಡನ್ನಿನಲ್ಲಿ ನಿಂತು ನಂಬರ್ ಓದುವವರನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ.

ಸರಿ, ನಿಮಗೆ ಹೆಸರೇ ಬೇಕು, ಅಲ್ವಾ? ಸಿಹಿ ಇಷ್ಟಪಡುವವರಿಗೆ ಅಮೆರಿಕದ ಬರ್ಬನ್, ಮೇಕರ್ಸ್ ಮಾರ್ಕ್ ಸಾಕು. ಅದರಲ್ಲಿ ನೂರಕ್ಕೆ 51 ಭಾಗವಾದರೂ ಮುಸುಕಿನ ಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಅಂತ ಅಲ್ಲಿ ಕಾನೂನಿದೆ. ಆ ಸುಟ್ಟ ಮರದಿಂದಲೇ ವೆನಿಲಾ ರುಚಿ ಬರುವುದು. ಗಂಟಲು ಉರಿಯಬಾರದು ಅನ್ನುವವರಿಗೆ ಐರ್ಲೆಂಡಿನ ಜೇಮ್ಸನ್, ಮೂರು ಸಲ ಬಟ್ಟಿ ಇಳಿಸಿದ್ದು. ಒಣದ್ರಾಕ್ಷಿ, ಖರ್ಜೂರದ ಕಡೆ ಒಲವಿದ್ದರೆ ಶೆರಿ (ಸ್ಪೇನಿನ ಒಂದು ವೈನ್) ಪೀಪಾಯಿಯ ಗ್ಲೆನ್‌ಡ್ರೋನಕ್ 12. ಸೋಡಾ ಹಾಕುವವರಿಗೆ ಜಾನಿ ವಾಕರ್ ಬ್ಲ್ಯಾಕ್ ಲೇಬಲ್. ಕೋಕ್ ಬೆರೆಸುವವರಿಗೆ ದಯವಿಟ್ಟು ಸಿಂಗಲ್ ಮಾಲ್ಟ್ ಒಯ್ಯಬೇಡಿ, ಅವರನ್ನು ಕೀಳು ಮಾಡುತ್ತಿಲ್ಲ, ನಿಮ್ಮ ದುಡ್ಡು ಉಳಿಸುತ್ತಿದ್ದೇನೆ. "ಕುಡಿಯದವರಿಗೆ ಶುರು ಮಾಡಿಸೋಕೆ ಯಾವುದು?" ಅಂತಲೂ ಕೇಳುತ್ತಾರೆ. ಅವರಿಗೆ ಚಾಕಲೇಟ್ ಒಯ್ಯಿರಿ.

ಮುಂದಿನ ಹೊಸತೊಡಕಿಗೆ ನಾನೇ ಫ್ಯೂಷನ್ ತಗೊಂಡು ಹೋದೆ. ಮುಕ್ಕಾಲು ನಮ್ಮ ದೇಶದ ಬಾರ್ಲಿ, ಕಾಲು ಭಾಗ ಸ್ಕಾಟ್ಲೆಂಡಿನ ಹೊಗೆ ಹಿಡಿದದ್ದು. ಯಜಮಾನರು ಮೊದಲು ಮೂಸಿದರು, ಯಾರೂ ಹೇಳಲಿಲ್ಲ, ತಾವೇ ನೀರು ಹಾಕಿಕೊಂಡರು, ಮಟನ್ ಚಾಪ್ಸ್ ಜೊತೆ ಒಂದೇ ಲೋಟವನ್ನು ಮಧ್ಯಾಹ್ನವೆಲ್ಲ ಇಟ್ಟುಕೊಂಡು ಕೂತರು.

ಹೋದ ತಿಂಗಳು ಗೆಳೆಯ ಮತ್ತೆ ಏರ್‌ಪೋರ್ಟಿನಿಂದ ಫೋನ್ ಮಾಡಿದ. "ಮಗಾ, ಮಾವ ಕೇಳು ಅಂದ್ರು. ಬಾರ್ಲಿ ಬಿಟ್ಟು ಬೇರೆ ಕಾಳಲ್ಲೂ ಮಾಡ್ತಾರಾ ಅಂತ." ಅವನ ಬೋರ್ಡಿಂಗ್ ಮುಗಿಯುವವರೆಗೂ ಮಾತಾಡಿದೆ.