ಅದು ಹಾಗೇ, ಸ್ವಲ್ಪ ಎತ್ತಿ ತಳ್ಳಬೇಕು

ಮನೆ ಮಾರೋದು ಅಂತ ತೀರ್ಮಾನವಾದ ವಾರ ನಮ್ಮಕ್ಕ ಬಂದಿದ್ದಳು. ಬಚ್ಚಲಿಗೆ ಹೋದವಳು ಒಳಗಿನಿಂದಲೇ ಕೂಗಿದಳು, "ಲೇ, ಚಿಲಕ ಬೀಳ್ತಿಲ್ಲ ಕಣೇ!"

"ಅದು ಹಾಗೇ ಅಕ್ಕ, ಬಾಗಿಲನ್ನ ಸ್ವಲ್ಪ ಎತ್ತಿ ತಳ್ಳು" ಅಂದೆ, ಹಾಲ್‌ನಲ್ಲಿ ಕೂತಲ್ಲಿಂದಲೇ.

ಎರಡು ನಿಮಿಷ ಬಿಟ್ಟು ಮತ್ತೆ, "ಬಿಸಿನೀರು ಬರ್ತಿಲ್ಲ!"

"ನಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಕಾಲು ಸುತ್ತು ವಾಪಸ್ ತಿರುಗಿಸು."

ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೇಳಿದಳು: "ಮನೆ ತಗೊಳ್ಳೋಕೆ ಬಂದವರಿಗೂ ಹೀಗೇ ಕೂತು ಕೂಗಿ ಹೇಳ್ತೀಯಾ?"

ಈ ಮನೆಗೆ ಬಂದು 19 ವರ್ಷ. ಯಾವ ಬಾಗಿಲು ಎತ್ತಬೇಕು, ಯಾವ ಕಿಟಕಿಗೆ ಮೊಣಕೈ ಕೊಡಬೇಕು ಅಂತ ನಮ್ಮ ಕೈಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಅವೆಲ್ಲ ಕೆಟ್ಟಿವೆ ಅನ್ನೋದೇ ಮರೆತುಹೋಗಿತ್ತು. ಮಾರುವ ಮನೆಗೆ ಬಣ್ಣ ಹೊಡೆಸಿ, ಗುಡಿಸಿ ಒರೆಸಿದರೆ ಸಾಕು ಅಂದುಕೊಂಡಿದ್ದೆ. ಅಕ್ಕ ಬೇರೆ ದಾರಿ ಹಿಡಿದಳು. ಅವಳು ಮನೆಯಿಡೀ ಸುತ್ತಿ ಪ್ರತಿ ಬಾಗಿಲು, ನಲ್ಲಿ, ಸ್ವಿಚ್ಚು ಮುಟ್ಟಿ ನೋಡುವುದು. ನಾನು ನೋಟ್‌ಬುಕ್ ಹಿಡಿದು ಹಿಂದೆ ಹೋಗುವುದು. ನನ್ನ ಬಾಯಿಗೆ "ಅದು ಹಾಗೇ" ಬಂದಾಗಲೆಲ್ಲ ಮಾತಾಡದೆ ಬರೆದುಕೊಳ್ಳುವುದು. ಸಂಜೆ ಹೊತ್ತಿಗೆ 41 "ಹಾಗೇ"ಗಳು ಸೇರಿದ್ದವು. ನನಗೆ ನಿಜವಾಗಲೂ ನಾಚಿಕೆಯಾಯಿತು.

ಹೆಚ್ಚಿನವು ಅರ್ಧ ಗಂಟೆಯ ಕೆಲಸ. ಅದು ಇನ್ನೂ ಬೇಜಾರು. ಬಚ್ಚಲ ಬಾಗಿಲಿನ ಮೇಲಿನ ಕೀಲಿನ ಸ್ಕ್ರೂ ಸಡಿಲವಾಗಿ, ಚೌಕಟ್ಟಿನ ತೂತು ದೊಡ್ಡದಾಗಿತ್ತು. ಬಡಗಿ ತೂತಿಗೆ ಅಂಟು ಹಚ್ಚಿದ ಮರದ ಚೂರುಗಳನ್ನು ತುರುಕಿ, ಒಣಗಿದ ಮೇಲೆ ಇನ್ನೂ ಉದ್ದದ ಸ್ಕ್ರೂ ಹಾಕಿದ. ಬಾಗಿಲು ಎದ್ದು ನಿಂತಿತು. ಏಳೆಂಟು ವರ್ಷದಿಂದ ದಿನಾ ನಾಲ್ಕು ಸಲ ಆ ಬಾಗಿಲು ಎತ್ತಿದ್ದೆ ನಾನು! ತೊಟ್ಟಿಕ್ಕುತ್ತಿದ್ದ ಅಡುಗೆಮನೆ ನಲ್ಲಿಗೆ ಬೇಕಾಗಿದ್ದು ಬೆರಳ ತುದಿಯಷ್ಟು ಅಗಲದ ಒಂದು ರಬ್ಬರ್ ವಾಷರ್.

ಶವರಿನ ನೀರು ಅಡ್ಡಾದಿಡ್ಡಿ ಚಿಮ್ಮುತ್ತಿತ್ತು. ತೂತುಗಳಲ್ಲಿ ಸುಣ್ಣ ಕಟ್ಟಿಕೊಂಡಿತ್ತು. ಬಿಚ್ಚಿ ರಾತ್ರಿಯೆಲ್ಲ ವಿನಿಗರ್‌ನಲ್ಲಿ ನೆನೆಸಿದೆ, ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದೆ, ಹೊಸದರಂತಾಯಿತು. ಆದರೆ ಬಟ್ಟಲು ಇಟ್ಟಿದ್ದು ಕಿಟಕಿಯ ಮಾರ್ಬಲ್ ಕಟ್ಟೆ ಮೇಲೆ. ಸ್ವಲ್ಪ ಚೆಲ್ಲಿತ್ತು. ಅಷ್ಟಗಲ ಹೊಳಪು ಹೋಗಿ ಮಂಕಾಯಿತು. ನಲ್ಲಿ ಮೇಲಿನ ಬಿಳಿ ಕರೆಯೂ ಮಾರ್ಬಲ್ಲೂ ಒಂದೇ ಜಾತಿ, ಹುಳಿ ಬಿದ್ದರೆ ಎರಡೂ ಕರಗುತ್ತವೆ. ಇದು ಗೊತ್ತಾಗಿದ್ದು ಆಮೇಲೆ.

ಅತಿಥಿಗಳ ಕೋಣೆಗೆ ಸೇರಿದ ಬಚ್ಚಲು ನಾರುತ್ತಿದೆ ಅಂದಳು ಅಕ್ಕ. ನಮಗೆ ಯಾರಿಗೂ ಗೊತ್ತೇ ಆಗಿರಲಿಲ್ಲ. ಮೂಗಿನ ಗುಣವೇ ಅದು ನೋಡಿ, ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಓಡಿಹೋಗಿ ಸುವಾಸನೆಯ ಸ್ಪ್ರೇ ತಂದು ಹೊಡೆದೆ. "ಈಗ ಚರಂಡಿಯಲ್ಲಿ ಗುಲಾಬಿ ಅರಳಿದ ಹಾಗಿದೆ" ಅಂದಳು. ಕಾರಣ ಬಹಳ ಸಣ್ಣದು. ನೆಲದ ಜಾಲರಿಯ ಕೆಳಗೆ ಪೈಪು ಬಾಗಿರುತ್ತದೆ, ಅದನ್ನೇ ಟ್ರ್ಯಾಪ್ ಅನ್ನುವುದು. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ಗಾಳಿಗೆ ಮುಚ್ಚಳ. ತಿಂಗಳುಗಟ್ಟಲೆ ಯಾರೂ ಬಳಸದಿದ್ದರೆ ಆ ನೀರು ಆರಿಹೋಗುತ್ತದೆ, ವಾಸನೆ ನೇರ ಮೇಲಕ್ಕೆ. ಒಂದು ಬಕೆಟ್ ನೀರು ಸುರಿದೆವು, ಸಂಜೆಗೆ ಸರಿಹೋಯಿತು. ಖಾಲಿ ಬಿಟ್ಟ ಮನೆ ತೋರಿಸುವವರು ವಾರಕ್ಕೊಮ್ಮೆ ಇದನ್ನೊಂದು ಮಾಡಿದರೆ ಒಳ್ಳೇದು.

ಜಗಳವಾಗಿದ್ದು ಮಾತ್ರ ಮಲಗುವ ಕೋಣೆಯ ಗೋಡೆಗೆ.

ಬೀರು ಸರಿಸಿದಾಗ ಹಿಂದೆ ಮೊಣಕಾಲೆತ್ತರಕ್ಕೆ ಬಣ್ಣ ಗುಳ್ಳೆ ಎದ್ದಿತ್ತು. ಅಕ್ಕ ಉಗುರಿನಲ್ಲಿ ಒಂದು ಗುಳ್ಳೆ ಒಡೆದಳು. ಬಿಳಿ ಪುಡಿ ಉದುರಿತು, ಹತ್ತಿಯ ನಾರಿನ ಹಾಗೆ ನವಿರಾಗಿ. ನಮ್ಮ ಮನೆಯವರು, "ಕೆರೆದು ಪುಟ್ಟಿ ಹಾಕಿ ಬಣ್ಣ ಹೊಡೆದರಾಯ್ತು. ಹೇಗೂ ಬೀರು ಮುಂದೆ ಇರುತ್ತೆ, ಯಾರಿಗೆ ಗೊತ್ತಾಗುತ್ತೆ?" ಅಂದರು. ಪೇಂಟರ್ ಮಾರನೇ ದಿನವೇ ಬರುವವನಿದ್ದ. ನನಗೂ ಒಂದು ಕ್ಷಣ ಸರಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಆ ಪುಡಿ ಉಪ್ಪು. ಸಿಮೆಂಟು, ಇಟ್ಟಿಗೆಯಲ್ಲಿರುವ ಉಪ್ಪನ್ನು ನೀರು ಕರಗಿಸಿಕೊಂಡು ಗೋಡೆಯ ಮುಖಕ್ಕೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ನೀರಿನ ದಾರಿ ಮುಚ್ಚದಿದ್ದರೆ ಮತ್ತೆ ಅದೇ ಕಥೆ. ಅಕ್ಕ ಒಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಗೋಡೆಗೆ ಹಚ್ಚಿಟ್ಟಳು. ಹಾಳೆಯ ಹೊರಮೈ ಬೆವರಿದರೆ ಕೋಣೆಯ ಗಾಳಿಯ ತೇವ, ಒಳಮೈ ಬೆವರಿದರೆ ಗೋಡೆಯ ತೇವ. ಎರಡು ದಿನ ಬಿಟ್ಟು ನೋಡಿದರೆ ಒಳಗೆ ಸಾಸಿವೆ ಕಾಳಿನಷ್ಟು ಹನಿಗಳು ಸಾಲಾಗಿ ಕೂತಿದ್ದವು.

ಗೋಡೆಯ ಆ ಕಡೆ ನಮ್ಮ ಸ್ನಾನದ ಜಾಗ. ಪೈಪು ಒಡೆದಿದೆಯಾ ಅಂತ ಹೆದರಿ, ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಗ್ಗೆ ನೀರು ಗುರುತಿನಲ್ಲೇ ಇತ್ತು. ಉಳಿದಿದ್ದು ಟೈಲ್ಸ್ ಸಂದು. ಮೂಲೆಯಲ್ಲಿ ಸಂದಿನ ಸಿಮೆಂಟು ಪೂರ್ತಿ ತೊಳೆದುಹೋಗಿ, ಬ್ಲೇಡು ಆರಾಮಾಗಿ ಒಳಗೆ ಹೋಗುತ್ತಿತ್ತು. ದಿನಾ ಸ್ನಾನ ಮಾಡುವಾಗ ನಾವೇ ಗೋಡೆಗೆ ನೀರು ಕುಡಿಸುತ್ತಿದ್ದೆವು.

ಸಂದು ಕೆರೆದು ಹೊಸದಾಗಿ ತುಂಬಿಸಿದ್ದು ಒಂದು ದಿನದ ಕೆಲಸ. ಗೋಡೆ ಒಣಗೋಕೇ ತಡ ಆಗೋದು. ಒದ್ದೆಯಾದ ದಪ್ಪದ ಒಂದೊಂದು ಇಂಚಿಗೂ ಸುಮಾರು ಒಂದು ತಿಂಗಳು ಅಂತ ಲೆಕ್ಕ ಹೇಳಿದ ಮೇಸ್ತ್ರಿ. ಕೆಟ್ಟ ಗಾರೆಯನ್ನು ಕೆತ್ತಿಸಿ, ಉಪ್ಪನ್ನು ಒಣ ಬ್ರಷ್‌ನಲ್ಲೇ ಉದುರಿಸಿದೆವು. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದಂತೆ. ಎರಡೂವರೆ ತಿಂಗಳು ಕಿಟಕಿ ತೆರೆದು, ಫ್ಯಾನ್ ಹಾಕಿ ಕಾದೆವು. ಅಷ್ಟು ದಿನವೂ ಆ ಕೋಣೆಯಲ್ಲಿ ಮಲಗಲಿಲ್ಲ, ನಮ್ಮ ಮನೆಯವರು ನನ್ನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಕೆಲಸದ ಫೋಟೋಗಳನ್ನೆಲ್ಲ ಪತ್ರಗಳ ಫೈಲಿಗೆ ಸೇರಿಸಿದ್ದೇನೆ. ಕೇಳಿದವರಿಗೂ ತೋರಿಸುತ್ತೇನೆ, ಕೇಳದವರಿಗೂ.

ಬಣ್ಣದಲ್ಲಿ ಒಂದು ತಪ್ಪು ಮಾಡಿದೆ. ಹಾಲ್‌ನ ಮೊಳೆ ತೂತುಗಳನ್ನು ಮುಚ್ಚಿ, ಉಳಿದಿದ್ದ ಹಳೇ ಡಬ್ಬದ ಬಣ್ಣವನ್ನೇ ಅಷ್ಟಷ್ಟು ಜಾಗಕ್ಕೆ ಹಚ್ಚಿದೆ. ಗೋಡೆಯ ಬಣ್ಣ ವರ್ಷಗಳಲ್ಲಿ ಮಾಸಿರುತ್ತದೆ, ಡಬ್ಬದ್ದು ಮಾಸಿರುವುದಿಲ್ಲ. ಸಂಜೆಯ ಅಡ್ಡ ಬಿಸಿಲಿಗೆ ಗೋಡೆ ತುಂಬ ಬ್ಯಾಂಡೇಜು ಹಚ್ಚಿದ ಹಾಗೆ ಕಂಡಿತು. ಕೊನೆಗೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಹೊಡೆಸಬೇಕಾಯಿತು.

ಸಾಮಾನು ಖಾಲಿ ಮಾಡುವ ವಿಷಯದಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಎಲ್ಲ ತೆಗೆಯಿರಿ, ಮನೆ ದೊಡ್ಡದು ಕಾಣುತ್ತದೆ. ನನಗೆ ಹಾಗೆ ಕಾಣಲಿಲ್ಲ. ಸಣ್ಣ ಕೋಣೆಯ ಮಂಚ ಹೊರಗೆ ಹಾಕಿದ ಮೇಲೆ ಇಲ್ಲಿ ಮಂಚ ಹಿಡಿಸುತ್ತಾ ಅಂತ ನನಗೇ ಅನುಮಾನ ಬಂತು. ವಾಪಸ್ ತಂದು ಹಾಕಿದೆ. ಕಪಾಟುಗಳನ್ನು ಮಾತ್ರ ಅರ್ಧ ಖಾಲಿ ಮಾಡಿದೆ. ನೋಡಲು ಬಂದವರು ಕಪಾಟು ತೆರೆದೇ ತೆರೆಯುತ್ತಾರೆ, ಒಳಗಿನದೆಲ್ಲ ಮೈಮೇಲೆ ಬಿದ್ದರೆ ಈ ಮನೆಯಲ್ಲಿ ಜಾಗ ಸಾಲದು ಅಂದುಕೊಳ್ಳುತ್ತಾರೆ, ಅಲ್ವಾ?

ಫೋಟೋ ತೆಗೆಯುವಾಗ ತಿಳಿಯಿತು, ಹಾಲ್‌ನಲ್ಲಿ ಮೂರು ಥರದ ಬಲ್ಬ್ ಇವೆ ಅಂತ. ಒಂದು ಗೋಡೆ ಹಳದಿ, ಇನ್ನೊಂದು ನೀಲಿ. ಡಬ್ಬಿ ಮೇಲೆ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ ಅದು, ಇದು ಸ್ವಲ್ಪ ಹಳದಿ ಬೆಳಕು) ಅಂತ ಬರೆದಿರುವ ಒಂದೇ ಥರದವನ್ನು ಎಲ್ಲ ಕಡೆ ಹಾಕಿದೆ. ಮೂಲೆಯಲ್ಲಿ ನಿಂತು, ಫೋನನ್ನು ಎದೆ ಎತ್ತರಕ್ಕೆ ನೆಟ್ಟಗೆ ಹಿಡಿದರೆ ಗೋಡೆಗಳು ವಾಲಿದ ಹಾಗೆ ಕಾಣುವುದಿಲ್ಲ. ಮೊದಲ ಸುತ್ತಿನ ಅಷ್ಟೂ ಫೋಟೋ ವೇಸ್ಟ್, ಒಂದರಲ್ಲಂತೂ ಕನ್ನಡಿಯಲ್ಲಿ ಪೊರಕೆ ಹಿಡಿದ ನಾನೇ ಇದ್ದೆ.

ಸರಿಯಾಗದೆ ಉಳಿದಿದ್ದು ಎರಡು. ಮಾರ್ಬಲ್ ಮೇಲಿನ ಆ ಮಂಕು ಕಲೆ, ಮತ್ತೆ ಮೆಟ್ಟಿಲ ಹತ್ತಿರದ ಒಂದು ಸ್ವಿಚ್ಚು. ಅದನ್ನು ಹಾಕಿದರೆ ಏನೂ ಹತ್ತುವುದಿಲ್ಲ, ಆರಿಸಿದರೆ ಏನೂ ಆರುವುದಿಲ್ಲ. ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ, ವೈರೇ ಇಲ್ಲ ಅಂತ ನಕ್ಕು ಹೋದ.

ಹೋದ ಭಾನುವಾರ ಮೊದಲ ಸಲ ಒಂದು ಕುಟುಂಬ ಬಂದಿತ್ತು. ಗಂಡ ಹೆಂಡತಿ, ಜೊತೆಗೆ ವಯಸ್ಸಾದ ಅಮ್ಮ. ಬಚ್ಚಲು ತೋರಿಸಿ ಹೊರಗೆ ಬರುವಾಗ ನಾನು ಬಾಗಿಲು ಹಾಕಿದೆ, ಎತ್ತಿ ತಳ್ಳಿದೆ. ಸರಿಯಾಗಿದ್ದ ಬಾಗಿಲು ಮೇಲಿನ ಚೌಕಟ್ಟಿಗೆ ಢಬ್ ಅಂತ ಹೊಡೆಯಿತು.

"ಯಾಕಮ್ಮಾ, ಬಾಗಿಲು ಕೂತುಕೊಳ್ಳಲ್ವಾ?" ಅಂದರು ಆ ಅಮ್ಮ.

"ಕೂತುಕೊಳ್ಳುತ್ತಮ್ಮಾ, ನನ್ನ ಕೈಯೇ ಕೂತುಕೊಳ್ಳಲ್ಲ" ಅಂದೆ. ಅಕ್ಕ ಹಿಂದಿನಿಂದ ಸೊಂಟಕ್ಕೆ ಚಿವುಟಿದಳು.